ಕ್ಯಾಂಡಿಯಲ್ಲಿ ಮಿನೆಟ್ ಡಿ ಸಿಲ್ವ ಅವರ ಜಾಡು ಹಿಡಿದು

ಶ್ರೀಲಂಕಾದ ಕ್ಯಾಂಡಿಗೆ ಹೋದವರು ಬುದ್ಧನ ದಂತ ದೇಗುಲ ನೋಡಿಕೊಂಡು, ಸಂಜೆ ಕೆರೆ ದಂಡೆಯ ಕಲಾ ಸಂಘದಲ್ಲಿ ನೃತ್ಯ ನೋಡಲು ಕೂರುವುದು ವಾಡಿಕೆ. ಗೆಟ ಬೆರ ಎಂಬ ಮದ್ದಳೆಯ ಬಡಿತ, ಬೆಳ್ಳಿ ತೊಡುಗೆಯ ಕುಣಿತ, ಕೊನೆಗೆ ಕೆಂಡ ಹಾಯುವುದು. ಸುತ್ತ ಎಲ್ಲರ ಮೊಬೈಲುಗಳೂ ವೇದಿಕೆಯ ಕಡೆಗೇ. ನಾನು ಬಂದದ್ದು ಕಟ್ಟಡದ ನೆಪದಲ್ಲಿ: 1980ರ ದಶಕದ ಈ ಕಲಾಕೇಂದ್ರ ವಾಸ್ತುಶಿಲ್ಪಿ ಮಿನೆಟ್ ಡಿ ಸಿಲ್ವ ಅವರ ವಿನ್ಯಾಸ.

ಅವರು ಇದೇ ಊರಿನವರು, 1918ರಲ್ಲಿ ಹುಟ್ಟಿದವರು. ತಂದೆ ರಾಜಕಾರಣಿ, ತಾಯಿ ಆಗ್ನೆಸ್ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಮಗಳಿಗೂ ಅದೇ ಗಟ್ಟಿತನ. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಓದುವಾಗ ಗಾಂಧಿ ಬಿಡುಗಡೆಗೆ ಒತ್ತಾಯಿಸುವ ಮೆರವಣಿಗೆಗೆ ಹೋದರು, ಕ್ಷಮಾಪಣೆ ಬರೆದುಕೊಡಲು ಒಪ್ಪದೆ ಶಾಲೆಯಿಂದ ಹೊರಬಿದ್ದರು. ಆಮೇಲೆ ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕಚೇರಿಯಲ್ಲಿ. (ಬೆಂಗಳೂರಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!) 1948ರಲ್ಲಿ ಬ್ರಿಟನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ನ ಅಸೋಸಿಯೇಟ್ ಸದಸ್ಯರಾದ ಏಷ್ಯಾದ ಮೊದಲ ಮಹಿಳೆ ಅವರೇ.

ಸಂಘದ ಮಳಿಗೆಯಲ್ಲಿ ದುಂಬರ ಚಾಪೆಯೊಂದನ್ನು ಕೈಗೆತ್ತಿಕೊಂಡೆ. ನಾರಿನ ಬಿಗಿ ನೇಯ್ಗೆ, ಕೆಂಪು ಕಪ್ಪು ಚಿತ್ತಾರ. ಪ್ರವಾಸಿಗರು ಗೋಡೆಗೆ ತೂಗುಹಾಕಲು ಒಯ್ಯುವ ಈ ನೇಯ್ಗೆಯನ್ನು ಮಿನೆಟ್ ಬಾಗಿಲಿಗೆ ಕೂರಿಸಿದ್ದರು. ಅವರ ಮೊದಲ ಕೆಲಸವಾದ ಕರುಣಾರತ್ನೆ ಮನೆ 1951ರ ಹೊತ್ತಿಗೆ ಈ ಊರ ಗುಡ್ಡದ ಇಳಿಜಾರಿನಲ್ಲಿ ಮಟ್ಟಮಟ್ಟವಾಗಿ ಎದ್ದಿತು. ಕಾಂಕ್ರೀಟು, ಗಾಜಿನ ಜೊತೆಗೇ ಊರ ಕುಂಬಾರರ ಹೆಂಚು, ಅರಗಿನ ಕೆಲಸದ ಕಟಕಟೆ, ಜಾರ್ಜ್ ಕೀಟ್ ಅವರ ಭಿತ್ತಿಚಿತ್ರ. ಖಾಸಗಿ ಮನೆಯಾದ್ದರಿಂದ ನಾನು ಅಲ್ಲಿಗೆ ಹೋಗುವ ಗೋಜಿಗೆ ಹೋಗಲಿಲ್ಲ.

ಶ್ರೀಲಂಕಾದ ವಾಸ್ತುಶಿಲ್ಪವೆಂದರೆ ಎಲ್ಲರ ಬಾಯಲ್ಲೂ ಜೆಫ್ರಿ ಬಾವಾ. ದೊಡ್ಡವರೇ, ಒಪ್ಪೋಣ. ಆದರೆ ಅವರು ವಾಸ್ತುಶಿಲ್ಪಿಯಾಗಿ ಅರ್ಹತೆ ಪಡೆದದ್ದು 1957ರಲ್ಲಿ. ನೆಲದ ಕಸುಬನ್ನೂ ಹೊಸ ಕಟ್ಟಡವನ್ನೂ ಬೆಸೆಯುವ ಕೆಲಸವನ್ನು ಮಿನೆಟ್ ಅಷ್ಟರಲ್ಲಾಗಲೇ ಮಾಡಿ ತೋರಿಸಿದ್ದರು. ಮಿನೆಟ್ ತೀರಿಕೊಂಡದ್ದು 1998ರಲ್ಲಿ. ಶ್ರೀಲಂಕಾ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಬಂದದ್ದು ಅದಕ್ಕೆ ಎರಡೇ ವರ್ಷ ಮೊದಲು.

ಮರುದಿನ ಟುಕ್‌ಟುಕ್ ಹಿಡಿದು ವಾಟಪುಲುವ ಬಡಾವಣೆಗೆ ಹೋದೆ. ಸರ್ಕಾರಿ ನೌಕರರಿಗಾಗಿ 1950ರ ದಶಕದಲ್ಲಿ ಕಟ್ಟಿದ ಸುಮಾರು 250 ಮನೆಗಳ ಬಡಾವಣೆ. ನಕ್ಷೆ ಬರೆಯುವ ಮುನ್ನ ಮಿನೆಟ್ ವಾಸಿಸಲಿರುವವರಿಗೆ ಪ್ರಶ್ನಾವಳಿ ಕೊಟ್ಟು, ಅವರಿಗೆ ಎಂಥ ಮನೆ ಬೇಕೆಂದು ಕೇಳಿದ್ದರು. ಈಗ ಕೆಲವು ಮನೆಗಳಿಗೆ ಮಹಡಿ ಬಂದಿದೆ, ಕೆಲವಕ್ಕೆ ಎತ್ತರದ ಕಾಂಪೌಂಡು. ಮನೆಯವರನ್ನೇ ಕೇಳಿ ಕಟ್ಟಿದ್ದನ್ನು ಮನೆಯವರೇ ಬದಲಿಸಿಕೊಂಡರೆ ದೂರುವುದು ಹೇಗೆ? ಇಳಿಜಾರಿನ ಜೊತೆಗೇ ಬಳುಕುವ ರಸ್ತೆಗಳಲ್ಲಿ ಹೊಕ್ಕ ನಮ್ಮ ಚಾಲಕನಿಗೆ ಹೊರಬರುವ ದಾರಿ ಸಿಗಲು ಒಂದಿಷ್ಟು ಹೊತ್ತೇ ಹಿಡಿಯಿತು.