ಮುಖ ಬ್ಲರ್ ಮಾಡಿದ್ರೆ ಆಯ್ತಲ್ವಾ?

ಮಾನವ ಕಳ್ಳಸಾಗಣೆ ಬಗ್ಗೆ ಕಿರುಚಿತ್ರ ಮಾಡಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ನಟಿ ಯಾಕೆ? ನಿಜವಾದ ಹುಡುಗಿಯನ್ನೇ ಕೂರಿಸಿ, ಮುಖ ಬ್ಲರ್ ಮಾಡಿದ್ರೆ ಆಯ್ತಲ್ವಾ?" ಸಿಟ್ಟು ಬರುವುದು ಆ ಕೊನೆಯ 'ಆಯ್ತಲ್ವಾ'ಕ್ಕೆ. ಒಗ್ಗರಣೆ ಹಾಕಿ ಇಳಿಸಿದಷ್ಟು ಸಲೀಸು ಅನ್ನುವ ಧಾಟಿ.

ಆಗಲ್ಲ. ಊರಿನವರಿಗೆ ಗುರುತು ಹಿಡಿಯಲು ಮುಖವೇ ಬೇಕಿಲ್ಲ. ಮುಂಗೈ ಹಚ್ಚೆ, ಕೂರುವ ರೀತಿ, "ಹೌದ್ರೀ" ಎಂದು ಎಳೆಯುವ ರಾಗ, ಕಿಟಕಿಯಾಚೆಯ ನೀರಿನ ಟ್ಯಾಂಕು, ಇಷ್ಟು ಸಾಕು. ಪಿಚ್ ಇಳಿಸಿ ದನಿ ಗಡಸು ಮಾಡಿದರೆ, ಅದನ್ನೇ ಏರಿಸಿದಾಗ ಹೆಚ್ಚುಕಡಿಮೆ ಮೂಲ ದನಿ ವಾಪಸ್. ಆಕೆ ಥಟ್ಟನೆ ತಲೆ ತಿರುಗಿಸಿದರೆ ಬ್ಲರ್ ಹಿಂದೆ ಬೀಳುತ್ತದೆ, ಎರಡು ಫ್ರೇಮ್ ಮುಖ ಬಯಲು. ಸ್ಕ್ರೀನ್‌ಶಾಟಿಗೆ ಒಂದು ಫ್ರೇಮ್ ಸಾಲದೇ? ಇನ್ನು ಬ್ಲರ್ ಮಾಡದ ಮೂಲ ಫೈಲು ಎಡಿಟರ್ ಹತ್ತಿರ ಒಂದು, ಬ್ಯಾಕಪ್‌ನಲ್ಲಿ ಒಂದು ಇದ್ದೇ ಇರುತ್ತದೆ.

ಲೈಂಗಿಕ ದೌರ್ಜನ್ಯದ ಪ್ರಕರಣವಾಗಿ ಆಕೆಗೆ 18 ತುಂಬಿರದಿದ್ದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ಕಲಂ 23 ಕಾದಿರುತ್ತದೆ. ಹೆಸರು, ಫೋಟೊ ಮಾತ್ರವಲ್ಲ, ಶಾಲೆ, ನೆರೆಹೊರೆಯ ಸುಳಿವೂ ಕೂಡದು. ತಪ್ಪಿದರೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. "ಅವಳೇ ಒಪ್ಪಿದ್ಲು" ಅನ್ನುವ ಸಬೂಬು ನಡೆಯದು. ಅನುಮತಿ ಕೊಡಬೇಕಾದದ್ದು ವಿಶೇಷ ನ್ಯಾಯಾಲಯ.

ಹಾಗಾಗಿ ಹೇಳಿಕೆ ಬರೆದುಕೊಳ್ಳಿ, ರೆಕಾರ್ಡ್ ಬೇಡ. ಮೂರ್ನಾಲ್ಕು ಹೇಳಿಕೆ ಕಲಸಿ ಒಂದು ಪಾತ್ರ ಮಾಡಿ, ಊರು, ವಯಸ್ಸು ಬದಲಿಸಿ. ನಟಿಸುವ ಮಗು 14ರ ಒಳಗಿನದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ, 3 ಗಂಟೆಗೊಮ್ಮೆ ವಿಶ್ರಾಂತಿ, ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. "ನಮ್ದು ಸಣ್ಣ ಬಜೆಟ್ ಸಾರ್" ಅಂದರೆ ರಿಯಾಯಿತಿ ಇಲ್ಲ. ಮಕ್ಕಳ ಸಾಗಣೆ ವಿರುದ್ಧದ ಚಿತ್ರಕ್ಕೆ ಮಗುವನ್ನು ರಾತ್ರಿಯಿಡೀ ದುಡಿಸುವ ಮಹಾನುಭಾವರಿಗೆ ಏನು ಹೇಳೋಣ!

ಅಷ್ಟಕ್ಕೂ ಎಲ್ಲರಿಗೂ ಹುಡುಗಿಯೇ ಯಾಕೆ ಬೇಕು? "ಮುಂಗಡ ಕೊಟ್ಟವನು ಯಾರು?" ಅಂತ ಒಬ್ಬರಾದರೂ ಕೇಳಬಾರದೇ? ಒಡಿಶಾದ ಬಲಾಂಗೀರ್‌ನಿಂದ ದಕ್ಷಿಣದ ಇಟ್ಟಿಗೆ ಗೂಡುಗಳಿಗೆ ಸಂಸಾರ ಸಮೇತ ಬರುವವರನ್ನು ಯಾರೂ ಗೋಣಿಯಲ್ಲಿ ಕಟ್ಟಿ ತರುವುದಿಲ್ಲ. ಮುಂಗಡ ಹಿಡಿದು ಮನೆ ಬಾಗಿಲಿಗೆ ಬರುವ ಸರ್ದಾರ, ಅಂದರೆ ಕೂಲಿಯಾಳು ಒದಗಿಸುವ ದಲ್ಲಾಳಿ, ಬಹುಪಾಲು ಪರಿಚಯದವನೇ. ಶೋಷಣೆಗೆಂದು ಮೋಸ, ಆಮಿಷದಿಂದ ಕರೆತಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 143ರಲ್ಲಿ ಅದೂ ಕಳ್ಳಸಾಗಣೆಯೇ; ಬಂದವರ ಒಪ್ಪಿಗೆ ಅಲ್ಲಿಯೂ ಲೆಕ್ಕಕ್ಕಿಲ್ಲ.

ಕ್ಲೋಸಪ್ ಬೇಕೇ ಬೇಕು ಅಂತಿದ್ದರೆ ಲೆಕ್ಕದ ಪುಸ್ತಕಕ್ಕೆ ಇಡಿ. ಒಂದು ಕಾಲಮ್ಮಿನಲ್ಲಿ ಮುಂಗಡ, ಪಕ್ಕದಲ್ಲಿ ವಾರದ ಖರ್ಚಿ (ಹೊಟ್ಟೆಪಾಡಿನ ಕೈಕಾಸು), ಕೊನೆಗೆ ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ಮಳೆಗೆ ಹಸಿ ಇಟ್ಟಿಗೆ ಕರಗಿದ ವಾರ ಕೂಲಿಯ ಕಾಲಮ್ ಖಾಲಿ ಬಿಡಿ, ಖರ್ಚಿ ಬರೆಯಿರಿ. ಆಮೇಲೆ ಕೂಲಿಯಾಳಿನ ಹೆಬ್ಬೆಟ್ಟು. ಇಂಕ್ ಪ್ಯಾಡಿಗೆ ಒತ್ತುವ ಮುಂಚೆ ಆತ ಬೆರಳಿನ ಮಣ್ಣನ್ನು ಚಡ್ಡಿಗೆ ಒರೆಸಿಕೊಳ್ಳಲಿ. ಅಲ್ಲಿ ಕಟ್ ಮಾಡಬೇಡಿ.