ಮಾರಿ ಬೇಡ, ಎಲಿ ತಗಿ

ಸಂಡೂರಿನ ಆಸುಪಾಸಿನ ಹಳ್ಳಿಗಳಲ್ಲಿ ಗಣಿ ಧೂಳಿನ ಫೋಟೋ ತೆಗೆಯುವುದು ನನ್ನ ಕೆಲಸ. ಗಣಿಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಪರಿಸರ ಇಲಾಖೆಗೆ ಊರಿನವರು ಕೊಡುವ ಅರ್ಜಿಗಳ ಜೊತೆ ಆ ಫೋಟೋಗಳು ಹೋಗುತ್ತವೆ. ಶುರುವಿನಲ್ಲಿ ನಾನು ಮುಖಗಳನ್ನೇ ಹುಡುಕುತ್ತಿದ್ದೆ. ಸುಕ್ಕು, ಕೆಮ್ಮು, ಕಣ್ಣೀರು. ನೋಡಿದವರ ಮನಸ್ಸು ಕರಗಿದರೆ ಸಾಕು ಅಂದುಕೊಂಡಿದ್ದೆ.

ಒಂದು ದಿನ ಮೆಕ್ಕೆಜೋಳದ ಹೊಲದಲ್ಲಿ ಒಬ್ಬ ಅಜ್ಜಿ ಗದರಿದರು: “ನನ್ ಮಾರಿ ತಗಂಡು ಏನ್ ಮಾಡ್ತೀಯಪ್ಪ? ಈ ಎಲಿ ತಗಿ.” ಸೆರಗಿನ ತುದಿಯಿಂದ ಎಲೆಯ ಒಂದು ಪಕ್ಕ ಒರೆಸಿದರು. ನಡುವಿನ ನರದ ಈ ಕಡೆ ಹಸಿರು, ಆ ಕಡೆ ಅದಿರಿನ ಕೆಂಪು. ಸೆರಗಿಗೂ ಕೆಂಪು ಹತ್ತಿತ್ತು. ಈ ಧೂಳು ಎಲೆಗೆ ಬಿಸಿಲು ತಾಗದಂತೆ ಮಾಡುತ್ತದೆ, ಅದು ಉಸಿರಾಡುವ ಸಣ್ಣ ರಂಧ್ರಗಳನ್ನೂ ಮುಚ್ಚುತ್ತದೆ. ಅದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಫೋಟೋ ಅದುವರೆಗೆ ನನ್ನ ಹತ್ತಿರ ಒಂದೂ ಇರಲಿಲ್ಲ.

ಆದರೆ ಅಷ್ಟು ಹೊತ್ತಿಗೆ ಒಂದು ತಪ್ಪು ಆಗಿಹೋಗಿತ್ತು. ಇನ್ನೊಬ್ಬ ತಾಯಿಯ ಮುಖ ನಮ್ಮ ಕರಪತ್ರದಲ್ಲಿ ಅಚ್ಚಾಗಿತ್ತು. ಫೋಟೋ ತೆಗೆಯಲಾ ಅಂತ ಕೇಳಿದ್ದೆ, ಎಲ್ಲಿ ಹಾಕುತ್ತೇವೆ ಅಂತ ಹೇಳಿರಲಿಲ್ಲ. ಅವರ ಮಗ ಅದಿರಿನ ಲಾರಿ ಓಡಿಸುತ್ತಿದ್ದ. ವಾರದೊಳಗೆ ಅವನ ಕೆಲಸ ಹೋಯಿತು. ಇಲ್ಲಿ ಧೂಳೂ ಕೂಲಿಯೂ ಒಂದೇ ಬಾಗಿಲಿನಿಂದ ಮನೆಯೊಳಗೆ ಬರುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟೋ ಮನೆಗಳ ದುಡಿಮೆಯೂ ನಿಂತಿತ್ತು. ಇದೆಲ್ಲ ಗೊತ್ತಿದ್ದೂ ಮಗ ಏನು ಮಾಡುತ್ತಾನೆ ಅಂತ ನಾನು ಕೇಳಲಿಲ್ಲವಲ್ಲ!

ಈಗ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಮನೆಯವರು ಯಾರ್ಯಾರು ಎಲ್ಲಿ ದುಡಿಯುತ್ತಾರೆ ಅಂತ ಕೇಳುತ್ತೇನೆ. ಮುಖ ಇಲ್ಲದೆ ವಿಷಯ ಹೇಳಲು ಆಗುವುದಾದರೆ ಮುಖ ತೆಗೆಯುವುದಿಲ್ಲ. ಎಲೆಯ ಜೊತೆ ಸರ್ವೆ ಕಲ್ಲು, ಹಿಂದಿನ ರಸ್ತೆ, ತಾಡಪಾಲು ಹೊದಿಸದ ಲಾರಿ ಒಂದೇ ಚಿತ್ರದಲ್ಲಿ ಬಂದರೆ ‘ಇದು ಎಲ್ಲಿಯದೋ’ ಅನ್ನುವುದು ಯಾವ ಅಧಿಕಾರಿಗೂ ಕಷ್ಟ. ಪ್ರತಿ ತಿಂಗಳೂ ಅದೇ ಜಾಗದಲ್ಲಿ ನಿಂತು ತೆಗೆಯುತ್ತೇನೆ. ಮೂಲ ಫೈಲ್ ಜೋಪಾನವಾಗಿ ಇಡಬೇಕು. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ತಾರೀಖು, ಜಾಗದ ವಿವರ ಅದರೊಳಗಿಂದ ಅಳಿಸಿಹೋಗುತ್ತವೆ.

ಕರಪತ್ರದ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕೂರಿಸಿ ಚಾ ಕೊಟ್ಟರು. “ಬಾ, ಹೋಗು, ಮಾತಾಡ್ಸು. ಫೋಟೋ ಮಾತ್ರ ಬ್ಯಾಡ” ಅಂದರು.