"ಕಾಲಿಗೆ ಪೆಟ್ಟಾಯ್ತಾ?"

ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಮಿಷಿಗನ್ ಯೂನಿವರ್ಸಿಟಿಯಲ್ಲಿ ಬಯಾಲಜಿ ಓದುತ್ತಾಳೆ. ಅಲ್ಲಿನ ಓಟದ ತಂಡದಲ್ಲೂ ಇದ್ದಾಳೆ. ಮೊನ್ನೆ ಮಾತಿಗೆ ಸಿಕ್ಕಾಗ ನನ್ನ ಶಾಲೆಯ ಗೆಳತಿಯ ಬಗ್ಗೆ ಹೇಳಿದೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಸ್ಟೇಡಿಯಂನಲ್ಲಿ ಜಿಲ್ಲೆಯ ಹುಡುಗಿಯರನ್ನೆಲ್ಲ ಹಿಂದೆ ಹಾಕಿ ಓಡಿದವಳು, ಎಸ್ಸೆಸ್ಸೆಲ್ಸಿ ಆದಮೇಲೆ ಓಡಲೇ ಇಲ್ಲ ಅಂತ.

"ಅಯ್ಯೋ, ಕಾಲಿಗೆ ಪೆಟ್ಟಾಯ್ತಾ?" ಅಂದಳು.

ಇಲ್ಲ, ಪಿಯುಸಿಯಲ್ಲಿ ಸೈನ್ಸ್ ತಗೊಂಡಳು ಅಂದೆ. ಆ ಹುಡುಗಿಗೆ ಅದು ಕಾರಣ ಅಂತಲೇ ಅನ್ನಿಸಲಿಲ್ಲ. ಅವಳದ್ದೂ ಸೈನ್ಸೇ ಅಲ್ವಾ.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಯೂನಿವರ್ಸಿಟಿ ಇರುವ ಆನ್ ಆರ್ಬರ್ ಅಂದರೆ ಎಲ್ಲರಿಗೂ 1,07,601 ಸೀಟಿನ ಫುಟ್‌ಬಾಲ್ ಸ್ಟೇಡಿಯಂ ನೆನಪಾಗುತ್ತದೆ. ಪಂದ್ಯದ ಶನಿವಾರ ಊರೆಲ್ಲ ಹಳದಿ, ನೀಲಿ. ಆ ದುಡ್ಡು, ಆ ಅಬ್ಬರ ನಮಗೆ ಬೇಡ. ನನಗೆ ಆಸೆ ಹುಟ್ಟಿಸುವುದು ಬೇರೆ. ಇಲ್ಲಿ ಆಟದ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವಂತಿಲ್ಲ ಅಂತ ನಿಯಮವಿದೆ. ಮಾರ್ಕ್ಸ್ ತೀರಾ ಬಿದ್ದರೆ ಆಡುವಂತಿಲ್ಲ. ಅಂದರೆ ಓದು, ಆಟ ಎರಡೂ ನಡೆಯಬೇಕು ಅಂತಲೇ ಲೆಕ್ಕ.

ಹುಡುಗಿಯರಿಗೆ ಇದು ಸುಮ್ನೆ ಸಿಕ್ಕಿದ್ದೂ ಅಲ್ಲ. 1972ರಲ್ಲಿ ಟೈಟಲ್ ನೈನ್ ಅನ್ನೋ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಾಲೆ, ಕಾಲೇಜು ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಆ ಒಂದು ಸಾಲಿನಲ್ಲಿ ಆಟದ ಮಾತೇ ಇಲ್ಲ. ಆದರೂ ಅದರ ಬಲದಿಂದಲೇ ಹುಡುಗಿಯರಿಗೆ ತಂಡ, ಕೋಚ್, ಸ್ಕಾಲರ್‌ಶಿಪ್ ಬಂದವು.

ಗೆಳತಿಯ ಅವ್ವನನ್ನು ನಾನು ದೂರುವುದಿಲ್ಲ. "ಸಾಕು ಬಿಡವ್ವ ಓಡಾಟ, ಇನ್ನ ಓದು" ಅಂದರು, ಅಷ್ಟೇ. ನಮ್ಮ ಭಾಗದಲ್ಲಿ ಒಂದು ಸೀಟು ಅಂದರೆ ಇಡೀ ಮನೆಯ ಬದುಕು. ಆದರೆ ನಮ್ಮ ಕಾಲೇಜಿನಲ್ಲಿ ಯಾರೂ ಅವಳನ್ನು "ಶೂ ತಂದೀಯೇನವ್ವ?" ಅಂತ ಒಂದು ಸಲವೂ ಕೇಳಲಿಲ್ಲ. ನನಗೆ ನೋವು ಅಲ್ಲಿದೆ. ಮೈದಾನವಿತ್ತು. ಸಂಜೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ನಾವು ಟ್ಯೂಷನ್‌ಗೆ ಹೋಗುತ್ತಿದ್ದೆವು. ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಕಾನೂನಿನಿಂದ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಭಾಗದವರಿಗೆ ಸೀಟು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮಕ್ಕಳಿಗೆ ಮೆಡಿಕಲ್, ಇಂಜಿನಿಯರಿಂಗ್ ಸೀಟು ಸಿಕ್ಕವು. ಹೋರಾಡಿ ಪಡೆದದ್ದು ಅದು, ನನಗೆ ಹೆಮ್ಮೆ ಇದೆ. ಅದೇ ಹಟದಿಂದ ಮೈದಾನವನ್ನೂ ಕೇಳಬಹುದಲ್ಲ? ಜ್ಞಾನಗಂಗಾ ಕ್ಯಾಂಪಸ್‌ನಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ, 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಕಡಗಂಚಿಯಲ್ಲಿದೆ. ಜಾಗಕ್ಕೆ ಬರವಿಲ್ಲ. ಬಿಸಿಲು ಅನ್ನುತ್ತೀರಾ? ನಸುಕಿನಲ್ಲಿ ಓಡಬಹುದು. ಇಲ್ಲಿಯವರು ಹಿಮದಲ್ಲೂ ಓಡುತ್ತಾರೆ.

ಗೆಳತಿಯ ಮಗಳು ಈಗ ಒಂಬತ್ತನೇ ಕ್ಲಾಸು. ಅವಳೂ ಓಡುತ್ತಾಳೆ. ಇನ್ನೆರಡು ವರ್ಷದಲ್ಲಿ ಪಿಯುಸಿ ಸೇರುತ್ತಾಳೆ. ಅಡ್ಮಿಷನ್ ಮಾಡಿಸುವ ದಿನ ಲ್ಯಾಬ್ ಹೇಗಿದೆ ಅಂತ ನೋಡುವ ಹಾಗೆ, ಹುಡುಗಿಯರಿಗೆ ಕೋಚ್ ಇದ್ದಾರಾ, ಅವರಿಗೆ ಮೈದಾನ ಎಷ್ಟು ಹೊತ್ತಿಗೆ ಸಿಗುತ್ತದೆ ಅಂತಲೂ ಕೇಳು ಅಂತ ಗೆಳತಿಗೆ ಹೇಳಿದ್ದೇನೆ. ನೀವೂ ಕೇಳಿ. ಹತ್ತು ಜನ ತಾಯಂದಿರು ಕೇಳಿದರೆ ಕಾಲೇಜಿನವರು ಉತ್ತರ ಕೊಡಲೇಬೇಕು.